ನೀಲಿ ದಾರದ ಪಿಪೆಟ್

"ಆ ಜೇಬಲ್ಲಿರೋದನ್ನೂ ಕೊಡಿ ಅಕ್ಕಾ," ಎಂದು ಪಿಪೆಟ್‌ಗಳ ಅಳತೆ ಪರೀಕ್ಷಿಸಲು ಬಂದವನು ಕೈ ಚಾಚಿದಾಗ, ರಕ್ತಪರೀಕ್ಷೆ ಲ್ಯಾಬಿನ ಹಿರಿಯ ಟೆಕ್ನಿಷಿಯನ್ ಕೋಟಿನ ಜೇಬನ್ನು ಅಂಗೈಯಿಂದ ಮುಚ್ಚಿಕೊಂಡಳು. ನೀಲಿ ದಾರ ಸುತ್ತಿದ, ರಕ್ತವನ್ನು ಹನಿ ಲೆಕ್ಕದಲ್ಲಿ ಅಳೆದು ಬಿಡುವ ಆ ಪಿಪೆಟ್ ಅವಳ ಕೈಗೆ ಒಗ್ಗಿದ್ದು. ಬಿಚ್ಚಿ ಕೆಡಿಸಿಬಿಟ್ಟಾರು ಎಂದು ಪ್ರತಿ ವರ್ಷ ಅದನ್ನು ಬಚ್ಚಿಟ್ಟು, ಬೀರುವಿನಲ್ಲಿದ್ದ ಹೊಸದನ್ನು ಮುಂದೆ ಮಾಡುತ್ತಿದ್ದಳು. ಈ ಸಲ ದಾರದ ತುದಿ ಇಣುಕಿತ್ತು.

"ಇದಕ್ಕೇನು ಧಾಡಿ? ನನ್ನ ಮಗನಿಗಿಂತ ಚೆನ್ನಾಗಿ ಮಾತು ಕೇಳತ್ತೆ," ಎಂದು ನಗುತ್ತಲೇ ಕೊಟ್ಟಳು.

ಅವನು ನೂರು ಮೈಕ್ರೋಲೀಟರ್ ನೀರು ಎಳೆದು ತೂಕದ ಯಂತ್ರದ ಪುಟ್ಟ ಬಟ್ಟಲಿಗೆ ಬಿಟ್ಟ. ನೂರು ಮಿಲಿಗ್ರಾಂ ತೋರಿಸಬೇಕಿದ್ದ ಯಂತ್ರ ಎಂಬತ್ತೆಂಟು ತೋರಿಸಿತು. ಇನ್ನೊಮ್ಮೆಯೂ ಅಷ್ಟೇ. ಅವಳು ಕಿತ್ತುಕೊಂಡು ತಾನೇ ಬಿಟ್ಟಳು. ಪಳಗಿದ ಹೆಬ್ಬೆರಳು ಒಂದಿಷ್ಟೂ ನಡುಗಲಿಲ್ಲ. ಎಂಬತ್ತೆಂಟೇ.

"ಒಳಗಿನ ರಬ್ಬರ್ ಸವೆದುಹೋಗಿದೆ. ರಕ್ತ ಕಮ್ಮಿ ಬಿದ್ರೆ ರಿಪೋರ್ಟಲ್ಲೂ ಕಮ್ಮಿನೇ ಬರತ್ತೆ, ಕಾಯಿಲೆ ಇದ್ರೂ ಕಾಣಲ್ಲ. ಎಷ್ಟು ದಿನದಿಂದ ಹೀಗಿದೆ ಅಕ್ಕಾ?"

ಬೆಳಗಿನಿಂದ ಬಂದ ರಕ್ತವನ್ನೆಲ್ಲ ಅವಳು ಅದರಲ್ಲೇ ಅಳೆದಿದ್ದಳು. ಗಾಜಿನ ಗೋಡೆಯಾಚೆ, ರಿಪೋರ್ಟಿಗೆ ಬಂದವರ ನಡುವೆ, ತುಂಬು ಬಸುರಿಯೊಬ್ಬಳು ಆಗತಾನೇ ಪಡೆದ ರಿಪೋರ್ಟ್ ಓದಿ ಗಂಡನ ಭುಜಕ್ಕೆ ಗುದ್ದಿದಳು. "ನೋಡಿ, ಶುಗರೂ ಇಲ್ಲ, ಏನೂ ಇಲ್ಲ! ಸುಮ್ಸುಮ್ನೆ ಹೆದರಿಸಿದ್ರಿ."

ಇವಳೊಬ್ಬಳನ್ನಾದರೂ ತಡೆಯೋಣವೆಂದು ಟೆಕ್ನಿಷಿಯನ್ ಬಾಗಿಲಿಗೆ ಓಡಿ, "ಸ್ವಲ್ಪ ನಿಲ್ಲೀಮ್ಮಾ, ಆ ರಿಪೋರ್ಟು..." ಎಂದು ಕೂಗಿದಳು.

ಕೈಯಲ್ಲಿ ಹಾಳೆ ಹಿಡಿದಿದ್ದವರೆಲ್ಲ ತಿರುಗಿ ನಿಂತರು.