ಅದೊಂದೇ ಕಣ್ಣು

ಭೂಮಿ ನಡುಗಿದಾಗ ಡಾಕ್ಟರಮ್ಮನ ಕೈಯಲ್ಲಿದ್ದ ಸೂಜಿಯ ಮೊನೆ ಮುದುಕನ ಕಣ್ಣಿನೊಳಗಿತ್ತು. ಪೊರೆ ತೆಗೆದಾಗಿತ್ತು, ಹೊಸ ಲೆನ್ಸ್ ಕೂರಿಸುವುದು ಬಾಕಿ. ಅವನಿಗೆ ಉಳಿದಿದ್ದುದು ಅದೊಂದೇ ಕಣ್ಣು. ಏನಾಗುತ್ತಿದೆಯೆಂದು ತಲೆಗೆ ಹೊಳೆಯುವ ಮೊದಲೇ ಅವಳ ಬೆರಳುಗಳು ಸೂಜಿಯನ್ನು ಬಂದ ದಾರಿಯಲ್ಲೇ ಹಿಂದಕ್ಕೆಳೆದಿದ್ದವು. ಟ್ರೇ ಉರುಳಿತು, ದೀಪ ಆರಿತು.

"ಭೂಕಂಪ ಮೇಡಂ! ಓಡಿ ಬನ್ನಿ!" ನರ್ಸ್ ಬಾಗಿಲಿನಿಂದ ಕೂಗಿದಳು.

"ಅಮ್ಮಾ, ನನ್ನ ಬಿಟ್ಟು ಹೋಗ್ತೀರಾ?" ಅಲುಗದೆ ಮಲಗಿದ್ದ ಮುದುಕ ಕೇಳಿದ.

"ಎಲ್ಲಿಗ್ ಹೋಗ್ಲಿ ಅಜ್ಜಾ? ನೀವು ತಲೆ ಅಲುಗಿಸ್ಬೇಡಿ, ಅಷ್ಟೇ." ಡಾಕ್ಟರಮ್ಮ ಕಣ್ಣಿಗೆ ಶುದ್ಧ ಬಟ್ಟೆ ಮುಚ್ಚಿ, ಅವನ ತಲೆಯನ್ನು ಎರಡೂ ಅಂಗೈಗಳಲ್ಲಿ ಹಿಡಿದು, ಉದುರುತ್ತಿದ್ದ ಸುಣ್ಣಕ್ಕೆ ತನ್ನ ಬೆನ್ನು ಕೊಟ್ಟು ಬಾಗಿದಳು. ನಡುಕ ನಿಂತಾಗ ತಲೆಯೆತ್ತಿದರೆ, ನರ್ಸ್ ಟಾರ್ಚ್ ಹಿಡಿದು ಪಕ್ಕದಲ್ಲೇ ನಿಂತಿದ್ದಳು. ಊರೆಲ್ಲ ಬಯಲಿಗೆ ಓಡಿತ್ತು. ಡಾಕ್ಟರಮ್ಮ ಹೊಸ ಕೈಗವಸು ತೊಟ್ಟು, ಆ ಬೆಳಕಿನಲ್ಲೇ ಲೆನ್ಸ್ ಕೂರಿಸಿದಳು.

ಮರುದಿನ ಪಟ್ಟಿ ಬಿಚ್ಚಿದಾಗ ಮುದುಕ ಕಣ್ಣು ಪಿಳುಕಿಸಿ ಎದುರಿನ ಗೋಡೆಯನ್ನೇ ದಿಟ್ಟಿಸಿದ.

"ಏನ್ ಕಾಣ್ತಿದೆ ಅಜ್ಜಾ?"

"ಅಯ್ಯೋ, ಆ ಮೂಲೇಲಿ ಕೂದಲೆಳೆಯಷ್ಟು ಬಿರುಕು ಬಿಟ್ಟಿದೆಯಲ್ಲಮ್ಮಾ!"

ಡಾಕ್ಟರಮ್ಮ ನರ್ಸನ್ನು ಬಾಚಿ ತಬ್ಬಿಕೊಂಡಳು.