ಹೊಸ ದೋಣಿಯ ಬಿರಡೆ

ಶ್ರೀಕಂಠ ಆಸೆಪಟ್ಟು ಕೊಂಡ ಅಲ್ಯೂಮಿನಿಯಂ ದೋಣಿ ಹಿನ್ನೀರಿನ ನಡುವಿಗೆ ತಲುಪಿ, ಅವನು ಗಾಳ ಬಿಚ್ಚುವಷ್ಟರಲ್ಲಿ ಮಕ್ಕಳ ಪಾದಗಳು ದೋಣಿಯೊಳಗೆ ನುಗ್ಗಿದ ನೀರಿನಲ್ಲಿದ್ದವು. ತೊಳೆದ ನೀರು ಹರಿದುಹೋಗಲೆಂದು ಹಿಂಬದಿಯಲ್ಲಿದ್ದ ತೂತಿಗೆ ಬಿಗಿಯಬೇಕಿದ್ದ ಹಿತ್ತಾಳೆಯ ಬಿರಡೆಯೇ ಇರಲಿಲ್ಲ. ಭಾಮೈದ ಅಂಗಿ ಬಿಚ್ಚಿ ತೂತಿಗೆ ತುರುಕಿ, ದಡ ಸೇರುವವರೆಗೂ ಒತ್ತಿ ಹಿಡಿದ.

ದಡದಲ್ಲಿ ಶ್ರೀಕಂಠ ಭಾಮೈದನ ಮೇಲೆ ಸಿಡಿದ. “ಬೆಳಿಗ್ಗೆ ದೋಣಿ ತೊಳೆದೋನು ನೀನೇ ತಾನೆ? ಬಿರಡೆ ಹಾಕು ಅಂತ ನಿಮ್ಮಪ್ಪ ಬಂದು ಹೇಳ್ಬೇಕಿತ್ತಾ?”

ಹೆಂಡತಿ ತಲೆ ತಗ್ಗಿಸಿದಳು.

“ಹಾಕಿದ ನೆನಪು, ಭಾವ...”

“ನೆನಪಂತೆ! ನನ್ನ ಮಕ್ಕಳು ಮುಳುಗಿದ್ರೆ ನಿನ್ನ ನೆನಪು ಬಂದು ಎತ್ತುತ್ತಿತ್ತಾ?”

ಭಾಮೈದ ಬರಿಮೈಯಲ್ಲಿ ನಡುಗುತ್ತ ಕೈಮುಗಿದ. “ತಪ್ಪಾಯ್ತು ಭಾವ. ಇನ್ನು ಈ ದೋಣಿ ಮುಟ್ಟಲ್ಲ.”

ಮುಖ ಒರೆಸಿಕೊಳ್ಳಲು ಶ್ರೀಕಂಠ ಕರ್ಚೀಫಿಗಾಗಿ ಜೇಬಿಗೆ ಕೈಹಾಕಿದ. ಬೆರಳಿಗೆ ಬಿರಡೆ ತಗುಲಿತು. ಪೂಜೆಗೆ ಒಡೆದ ತೆಂಗಿನಕಾಯಿಯ ನೀರು ದೋಣಿಯಿಂದ ಹರಿದುಹೋಗಲೆಂದು ಬೆಳಿಗ್ಗೆ ಅದನ್ನು ಬಿಚ್ಚಿ ಜೇಬಿಗಿಳಿಸಿದವನು ತಾನೇ. ಕಿವಿಯವರೆಗೂ ಬಿಸಿಯೇರಿತು. ಹೆಂಡತಿ, ಮಕ್ಕಳು ಎಲ್ಲರೂ ಅವನ ಬಾಯನ್ನೇ ನೋಡುತ್ತಿದ್ದರು.

ಜೇಬಿನೊಳಗೇ ಮುಷ್ಟಿ ಬಿಗಿಹಿಡಿದು ಅವನೆಂದ: “ಹೋಗ್ಲಿ ಬಿಡು. ಈ ಸಲ ಕ್ಷಮಿಸಿದೀನಿ.”