ಪಂಪಾಪತಿಯ ಭಾರದ ಸ್ಕೂಟರು

ಯಾರಿಗೂ ಕೊಡದ ವಸ್ತು ದಿನದಿನಕ್ಕೆ ಭಾರವಾಗುತ್ತದೆ, ನಾಲ್ಕು ಜನರ ಕೈಯಲ್ಲಿ ಓಡಾಡಿದ್ದು ಹಗುರವಾಗುತ್ತದೆ ಎಂಬುದು ಆ ಬೀದಿಯಲ್ಲಿ ಯಾರಿಗೂ ಹೊಸ ಸಂಗತಿಯಲ್ಲ. ಅಲ್ಲಿನ ಕೊಡುಗೈಯವರು ತಮ್ಮ ಸಾಮಾನು ಗಾಳಿಗೆ ಹಾರಿಹೋಗದಂತೆ ಹಗ್ಗ ಬಿಗಿದಿಡುತ್ತಿದ್ದರು. ಪಂಪಾಪತಿಯೂ ತನ್ನ ಸ್ಕೂಟರಿಗೆ ಹಗ್ಗ ಕಟ್ಟಿದ್ದ. ಅದು ಹಾರುವುದಿರಲಿ, ಸ್ಟ್ಯಾಂಡಿನಿಂದ ಇಳಿಸುವಷ್ಟರಲ್ಲಿ ಅವನ ಸೊಂಟವೇ ಹಿಡಿದುಕೊಳ್ಳುತ್ತಿತ್ತು. ಆದರೂ ಮರ್ಯಾದೆ ಎಂಬುದೊಂದು ಇದೆಯಲ್ಲ!

ಮಗಳು ಸ್ಪಂದನಾಳ ಎಸ್ಸೆಸ್ಸೆಲ್ಸಿ ಗಣಿತ ಪರೀಕ್ಷೆಯ ದಿನವೇ ಸ್ಕೂಟರು ಕದಲಲಿಲ್ಲ.

“ಅಪ್ಪಾ, ಬೆಲ್ ಹೊಡ್ದುಬಿಡ್ತಾರೆ! ಎದುರುಮನೆ ನೂರುನ್ನಿಸಾ ಆಂಟಿ ಗಾಡಿ ಕೇಳು.”

“ಯಾವ ಮುಖ ಇಟ್ಕೊಂಡು ಕೇಳ್ಲಿ?”

ಅಷ್ಟರಲ್ಲಿ ಬಟ್ಟೆ ಹೊಲಿಯುವುದನ್ನು ಬಿಟ್ಟು ಎದ್ದು ಬಂದ ನೂರುನ್ನಿಸಾ ತನ್ನ ಗಾಡಿಯ ಹಗ್ಗ ಬಿಚ್ಚತೊಡಗಿದ್ದಳು. “ಹೊರಡಿ ಸಾರ್. ಜೋರು ಗಾಳಿ ಬಂದ್ರೆ ಕಾಲು ನೆಲಕ್ಕೆ ಊರ್ಕೊಳಿ, ಅಷ್ಟೇ.”

ಬಾಗಿಲು ಮುಚ್ಚುವ ಮೊದಲೇ ಸ್ಪಂದನಾ ಪರೀಕ್ಷೆಯ ಕೋಣೆ ಸೇರಿದಳು. ವಾಪಸು ಬಂದ ಪಂಪಾಪತಿ ಟೈಲರಮ್ಮನ ಹೊಸ್ತಿಲಲ್ಲಿ ನಿಂತು ತಲೆ ಕೆರೆದುಕೊಂಡ.

“ನನ್ನ ಗಾಡೀನೂ ಸ್ವಲ್ಪ ಓಡಿಸಿ ಮೇಡಂ. ದಮ್ಮಯ್ಯ ಅಂತೀನಿ.”

“ಯಾರು ಕೇಳಿದ್ರೂ ಪೆಟ್ರೋಲ್ ಇಲ್ಲ ಅಂತಿದ್ರಲ್ಲ?”

“ಟ್ಯಾಂಕ್ ತುಂಬಾ ಇದೆ. ಯಾವಾಗ್ಲೂ ಇತ್ತು.”

ಆಕೆ ನಗು ತಡೆದುಕೊಂಡು ಅಂಗೈ ಚಾಚಿದಳು. “ಕೀ ಕೊಡಿ ಮತ್ತೆ. ಸಂತೆಗೆ ಹೋಗೋದಿದೆ.”

ಪಂಪಾಪತಿ ಜೇಬಿಗೆ ಕೈ ಹಾಕಿದ. ಆ ಪುಟ್ಟ ಕೀಲಿಯನ್ನು ಹೊರಗೆಳೆಯಲು ಎರಡೂ ಕೈ ಬೇಕಾದವು, ಹಣೆಯಲ್ಲಿ ಬೆವರು ಮೂಡಿತು. ಹಲ್ಲು ಕಚ್ಚಿ ಅದನ್ನು ಆಕೆಯ ಅಂಗೈಗೆ ಇಳಿಸಿದ.

ನೂರುನ್ನಿಸಾ ಅದನ್ನು ಕಿರುಬೆರಳಿಗೆ ಸಿಕ್ಕಿಸಿಕೊಂಡು ಹೊರಟಳು.